ಬಸ್ಸೇನೋ ಹೌದು, ಆದರೆ ಆ ಬಸ್ಸಲ್ಲ: ಮಾಡೆಲ್‌ನಲ್ಲಿ ತಪ್ಪು ಹುಡುಕುವ ಬಗೆ

ಚಿಕ್ಕಂದಿನಲ್ಲಿ ಕಂಡ ಬಸ್ಸೊಂದರ ಮಾಡೆಲನ್ನು ಮೊದಲ ಸಲ ಮುಗಿಸಿ ಮೇಜಿನ ಮೇಲೆ ಇಟ್ಟಾಗ ನಮ್ಮ ಭಾವ ಅದಕ್ಕೆ ಎರಡು ಸುತ್ತು ಬಂದರು. ಅವರು ಆ ಬಸ್ಸಿನಲ್ಲಿ ಆರು ವರ್ಷ ಕ್ಲೀನರ್ ಆಗಿದ್ದವರು. ದಿನಾ ಬೆಳಿಗ್ಗೆ ತುಂಗೆಯಿಂದ ಬಕೆಟ್‌ನಲ್ಲಿ ನೀರು ತಂದು ಅದನ್ನು ತೊಳೆದವರು. "ಬಸ್ಸೇನೋ ಹೌದು ಮಾರಾಯ, ಆದರೆ ನಮ್ಮ ಬಸ್ಸಲ್ಲ" ಅಂದರು. ಎಲ್ಲಿ ತಪ್ಪಿದೆ ಭಾವ ಅಂತ ಕೇಳಿದೆ. ಅವರಿಗೂ ಹೇಳಲು ಬರಲಿಲ್ಲ.

ಮಾಡೆಲ್ ಕಟ್ಟುವವರಿಗೆ ಇದಕ್ಕಿಂತ ಕಷ್ಟದ ದೂರು ಇಲ್ಲ. ಬಣ್ಣ ಎದ್ದಿದೆ, ಚಕ್ರ ಅಲುಗಾಡುತ್ತದೆ ಅಂದರೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ. "ಯಾಕೋ ಅದಲ್ಲ" ಅಂದರೆ ಎಲ್ಲಿಂದ ಶುರು ಮಾಡುವುದು? ಆಮೇಲೆ ಎರಡು ಮಳೆಗಾಲ ಆ ಬಸ್ಸನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಆ ಕಷ್ಟದ ದೂರನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದು ಆಮೇಲೆ.

ಯಾವ ಬಸ್ಸು ಅಂತ ಹೇಳಿಬಿಡುತ್ತೇನೆ. 1980ರ ದಶಕದ ಮೊದಲಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗುತ್ತಿದ್ದ ಒಂದು ಖಾಸಗಿ ಸರ್ವಿಸ್. ಟಾಟಾ 1210 ಚಾಸಿ, ಅಂದರೆ ಇಂಜಿನ್ನು ಚಕ್ರ ಕೂರುವ ಕೆಳಗಿನ ಚೌಕಟ್ಟು, ಅದರ ಮೇಲೆ ಕೈಯಲ್ಲಿ ಕಟ್ಟಿದ ಬಾಡಿ. ಡ್ರೈವರ್ ಪಕ್ಕದಲ್ಲೇ ಬಿಸಿ ಬಿಸಿ ಇಂಜಿನ್ನು, ಅದರ ಮುಚ್ಚಳದ ಮೇಲೆ ಗಿಣ್ಣದ ಪಾತ್ರೆ ಹಿಡಿದ ಹೆಂಗಸರು. ಪಕ್ಕದ ಕಿಟಕಿಗೆ ಗಾಜಿಲ್ಲ, ಸುತ್ತಿ ಮೇಲಕ್ಕೆ ಕಟ್ಟುವ ಟಾರ್ಪಾಲಿನ್. ಹಿಂದೆ ಏಣಿ, ಮೇಲೆ ಕ್ಯಾರಿಯರ್, ಅದರ ತುಂಬಾ ಅಡಿಕೆ ಮೂಟೆ. ನಾನು ಆಗ ಆರು ಏಳು ವರ್ಷದ ಹುಡುಗ. ನಮ್ಮ ದಣಪೆಯ, ಅಂದರೆ ಬೇಲಿಯ ಗೇಟಿನ, ಹತ್ತಿರ ನಿಂತು ಕಾಯುತ್ತಿದ್ದೆ.

ನನ್ನ ಮಾಡೆಲ್ 1:24ರ ಅಳತೆಯದು. ಅಂದರೆ ನಿಜದ 24 ಮಿಲಿಮೀಟರು ಇಲ್ಲಿ 1 ಮಿಲಿಮೀಟರು. ನಿಮ್ಮದು ಜೀಪೋ ಲಾರಿಯೋ ಆಗಿದ್ದರೂ, ಬೇರೆ ಅಳತೆ ಆಗಿದ್ದರೂ, ಪರೀಕ್ಷೆ ಮಾಡುವ ಕ್ರಮ ಇದೇ.

ದೂರು: ಎಲ್ಲಾ ಸರಿಯಿದೆ, ಆದರೆ ಅದರ ಹಾಗೆ ಕಾಣುವುದಿಲ್ಲ

ಸ್ಕೇಲು, ಗರಗಸ ಯಾವುದನ್ನೂ ಮುಟ್ಟಬೇಡಿ. ಮೊದಲು ನೀವು ಎಲ್ಲಿಂದ ನೋಡುತ್ತಿದ್ದೀರಿ ಅಂತ ನೋಡಿ.

ಮೇಜಿನ ಮೇಲಿನ ಮಾಡೆಲನ್ನು ನಾವು ಕುರ್ಚಿಯಲ್ಲಿ ಕೂತು ಮೇಲಿನಿಂದ ನೋಡುತ್ತೇವೆ. ಬಸ್ಸಿನ ಟಾಪು ಪೂರ್ತಿ ಕಾಣುತ್ತದೆ. ಚಿಕ್ಕವನಿದ್ದಾಗ ನಾನು ಆ ಬಸ್ಸಿನ ಟಾಪನ್ನು ಒಂದು ದಿನವೂ ನೋಡಿದವನಲ್ಲ. ಕಂಡದ್ದು ಬಂಪರು, ಹೆಡ್‌ಲೈಟು, ಕೆಸರು ಹತ್ತಿದ ಚಕ್ರ, ತಲೆಗಿಂತ ಎಷ್ಟೋ ಮೇಲೆ ಕಿಟಕಿಯ ಸಾಲು. ಆರು ವರ್ಷದ ಹುಡುಗನ ಕಣ್ಣು ನೆಲದಿಂದ ಸುಮಾರು 110 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಅದನ್ನು 24ರಿಂದ ಭಾಗಿಸಿ. ನಾಲ್ಕೂವರೆ ಸೆಂಟಿಮೀಟರು ಬರುತ್ತದೆ. ನಿಮ್ಮ ಕಣ್ಣು ಮೇಜಿನಿಂದ ಅಷ್ಟೇ ಎತ್ತರದಲ್ಲಿ ಇರಬೇಕು.

ಕತ್ತು ಬಗ್ಗಿಸಿ ಅಲ್ಲಿಗೆ ಇಳಿಯುವುದು ನನ್ನಂಥವನಿಗೆ ಆಗದ ಕೆಲಸ. ಫೋನು ಬಳಸಿ. ಫೋನನ್ನು ತಲೆಕೆಳಗು ಮಾಡಿದರೆ ಕ್ಯಾಮೆರಾ ಮೇಜಿನ ಹತ್ತಿರ ಬರುತ್ತದೆ. ಅದರ ಕೆಳಗೆ ಎರಡು ಬೆಂಕಿಪೊಟ್ಟಣ ಮಲಗಿಸಿ ಇಟ್ಟರೆ ಎತ್ತರ ಹೆಚ್ಚು ಕಡಿಮೆ ಸರಿಯಾಗುತ್ತದೆ. ದೂರವನ್ನೂ ಲೆಕ್ಕ ಹಾಕಿ. ದಣಪೆಯಿಂದ ರಸ್ತೆಗೆ ಆರು ಮೀಟರು ಅಂದರೆ ಇಲ್ಲಿ 25 ಸೆಂಟಿಮೀಟರು. ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ, ಬಣ್ಣ ಕಣ್ಣನ್ನು ಎಳೆಯದಿರಲಿ.

ಈಗ ಎರಡರಲ್ಲಿ ಒಂದು ಆಗುತ್ತದೆ. ಫೋಟೊದಲ್ಲಿ ಬಸ್ಸು "ಅದೇ" ಅನ್ನಿಸಿದರೆ ಮಾಡೆಲ್ ಸರಿಯಿದೆ, ನೀವು ಕೂತ ಜಾಗ ತಪ್ಪು. ಮೇಜಿನಿಂದ ಎತ್ತಿ ಕಣ್ಣಿನ ಮಟ್ಟದ ಕಪಾಟಿನಲ್ಲಿ ಇಡಿ, ಕೆಲಸ ಮುಗಿಯಿತು. ನನಗೆ ಪರಿಚಯದ ಒಬ್ಬರು ಸೊಗಸಾದ ಜೀಪು ಮಾಡಿ, ಇದು ಆಟದ ಸಾಮಾನಿನ ಹಾಗೆ ಕಾಣುತ್ತದೆ ಅಂತ ಒಡೆದು ಹಾಕುವುದರಲ್ಲಿದ್ದರು. ಬಾಗಿಲ ಮೇಲಿನ ಹಲಗೆಗೆ ಏರಿಸಿದ ಮೇಲೆ ಅದು ಜೀಪಾಯಿತು.

ಫೋಟೊದಲ್ಲೂ ಸರಿಹೋಗಲಿಲ್ಲ ಅಂದರೆ ತಪ್ಪು ಮಾಡೆಲ್‌ನಲ್ಲಿದೆ. ನನ್ನದು ಹಾಗೇ ಆಯಿತು.

ಮುಂದಿನ ಪರೀಕ್ಷೆಗೆ ಹಳೇ ಫೋಟೊ ಒಂದು ಬೇಕು. ಬಸ್ಸಿನ ಫೋಟೊ ಅಂತ ಯಾರೂ ತೆಗೆಸಿಕೊಂಡಿರುವುದಿಲ್ಲ. ಮದುವೆ ಆಲ್ಬಮ್ ತೆಗೆಯಿರಿ. ದಿಬ್ಬಣ ಇಳಿಯುವಾಗ ಹಿಂದೆ ಬಸ್ಸು ನಿಂತೇ ಇರುತ್ತದೆ. ನನಗೆ ಸಿಕ್ಕಿದ್ದು ಅಕ್ಕನ ಮದುವೆಯ ಫೋಟೊ. ಮದುಮಗನ ಪೇಟದ ಹಿಂದೆ ಅರ್ಧ ಬಸ್ಸು, ಒಂದು ಪೂರ್ತಿ ಚಕ್ರ. ಆ ಒಂದು ಚಕ್ರ ಸಾಕು.

ಯಾಕೆಂದರೆ ಚಕ್ರವೇ ಅಳತೆಗೋಲು. ಆ ಕಾಲದ ಬಸ್ಸು ಲಾರಿಗಳ ಟೈರು 9.00-20. ಟೈರಿನ ಪೂರ್ತಿ ಎತ್ತರ ಸುಮಾರು 102 ಸೆಂಟಿಮೀಟರು, ರಿಮ್ಮು 20 ಇಂಚು. ಫೋಟೊದಲ್ಲಿ ಟೈರಿನ ಎತ್ತರಕ್ಕೆ ಒಂದು ಕಾಗದದ ಪಟ್ಟಿ ಕತ್ತರಿಸಿ. ಆ ಪಟ್ಟಿಯಲ್ಲಿ ಕಿಟಕಿ ಎಷ್ಟು, ಕಿಟಕಿಯ ಕೆಳಗಿನ ತಗಡು ಎಷ್ಟು, ಬಾಗಿಲು ಎಷ್ಟು ಅಂತ ಅಳೆಯಿರಿ. ಅದೇ ಲೆಕ್ಕ ಮಾಡೆಲ್‌ನಲ್ಲೂ ಮಾಡಿ, ಅದರ ಟೈರನ್ನೇ ಪಟ್ಟಿ ಮಾಡಿಕೊಂಡು. ಒಂದು ಎಚ್ಚರಿಕೆ. ಫೋಟೊ ಓರೆಯಾಗಿ ತೆಗೆದಿದ್ದರೆ ಅಡ್ಡ ಅಳತೆಯನ್ನು ನಂಬಬೇಡಿ. ಚಕ್ರದ ಹತ್ತಿರದ ಎತ್ತರಗಳನ್ನು ಮಾತ್ರ ನಂಬಿ.

ನನ್ನ ತಪ್ಪು ಇಲ್ಲಿ ಸಿಕ್ಕಿತು. 1:24ರಲ್ಲಿ ಆ ಟೈರು 42 ಮಿಲಿಮೀಟರು ಇರಬೇಕು. ನಾನು ಯಾವುದೋ ಆಟಿಕೆ ಲಾರಿಯ ಚಕ್ರ ಕಿತ್ತು ಹಾಕಿದ್ದೆ, ಅದು 36. ಆರೇ ಮಿಲಿಮೀಟರು ಅಲ್ವಾ ಅನ್ನಿಸುತ್ತದೆ. ನಿಜದ ಲೆಕ್ಕದಲ್ಲಿ ಅದು 14 ಸೆಂಟಿಮೀಟರು! ಚಕ್ರ ಸಣ್ಣದಾದರೆ ಬಾಡಿ ಕೊಬ್ಬಿದ ಹಾಗೆ ಕಾಣುತ್ತದೆ. ನಾನು ಬಾಡಿ ಜಾಸ್ತಿ ಆಯಿತು ಅಂದುಕೊಂಡು ಎರಡು ಸಲ ಅದನ್ನೇ ಕತ್ತರಿಸಿದ್ದೆ. ಚಕ್ರ ಬದಲಿಸಿದ ಮೇಲೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಬೇಕಾಯಿತು. ಅದಕ್ಕೇ ಹೇಳುವುದು, ಮೊದಲು ಚಕ್ರ, ಆಮೇಲೆ ಬಾಡಿ.

ಚಕ್ರದ ವಿಷಯದಲ್ಲೇ ಇನ್ನೊಂದು. ಹಿಂದೆ ಡಬಲ್ ಟೈರು ಇರುತ್ತದೆ, ಅದು ಎಲ್ಲರಿಗೂ ನೆನಪಿರುತ್ತದೆ. ಆದರೆ ರಿಮ್ಮಿನ ಮುಖ? ಮುಂದಿನ ಚಕ್ರದ ರಿಮ್ಮು ಹೊರಕ್ಕೆ ಉಬ್ಬಿರುತ್ತದೆ. ಹಿಂದಿನದ್ದರ ಹೊರಗಿನ ಚಕ್ರ ತಿರುವಿ ಹಾಕಿದ್ದು, ಅದು ಬೋಗುಣಿಯ ಹಾಗೆ ಒಳಕ್ಕೆ ಹೋಗಿರುತ್ತದೆ. ನಾಲ್ಕು ಕಡೆಯೂ ಒಂದೇ ಮುಖ ಹಾಕಿದರೆ ನೋಡುವವರಿಗೆ ಏನೋ ಕಸಿವಿಸಿ ಆಗುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಭಾವನ ಕಸಿವಿಸಿಯಲ್ಲಿ ಇದರ ಪಾಲು ದೊಡ್ಡದು. ಆ ಚಕ್ರಗಳನ್ನು ಎಷ್ಟು ಸಲ ಬಿಚ್ಚಿ ಹಾಕಿದ ಕೈ ಅದು.

ಇಷ್ಟಾದರೂ ಮುಖ ಸರಿ ಬರಲಿಲ್ಲ. ಮುಂಭಾಗ ಮೊಂಡು, ಕುಳ್ಳ. ಅಳತೆ ನೋಡಿದರೆ ಎಲ್ಲಾ ನನ್ನ ನೆನಪಿನ ಚಿತ್ರಕ್ಕೆ ಸರಿ ಹೊಂದುತ್ತಿತ್ತು. ಈ ದೋಷ ಹುಡುಕಲು ನನಗೆ ಮೂರು ತಿಂಗಳು ಬೇಕಾಯಿತು, ನಿಮಗೆ ಮೂರು ನಿಮಿಷದಲ್ಲಿ ಹೇಳುತ್ತೇನೆ. ನೆನಪಿನಲ್ಲಿ ಎರಡು ಬಸ್ಸು ಸೇರಿಹೋಗಿತ್ತು.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಉದ್ದದ ಬಸ್ಸಿಗೆ ಆ ತಿರುವು ಆಗುವುದಿಲ್ಲ. ಘಾಟಿಯ ಕೆಳಗಿನ ಸೋಮೇಶ್ವರದ ಕಡೆ ಇಳಿಯುವುದು ಮಿನಿ ಬಸ್ಸು. ಉಡುಪಿಯ ಅತ್ತೆ ಮನೆಗೆ ಹೋಗುವಾಗ ನಾವು ಆಗುಂಬೆಯಲ್ಲಿ ಇಳಿದು ಮಿನಿ ಬಸ್ಸು ಹತ್ತುತ್ತಿದ್ದೆವು. ನನ್ನ ತಲೆಯಲ್ಲಿ ದೊಡ್ಡ ಬಸ್ಸಿನ ಬೆನ್ನಿಗೆ ಮಿನಿ ಬಸ್ಸಿನ ಮುಖ ಕೂತಿತ್ತು. ವಾಂತಿ ಬರುವ ಹೊತ್ತಿಗೆ ಮುಂದಿನ ಗಾಜನ್ನೇ ದಿಟ್ಟಿಸಿ ನೋಡುತ್ತಿದ್ದೆನಲ್ಲ, ಅದೇ ಗಟ್ಟಿಯಾಗಿ ಉಳಿದಿದೆ.

ಇದನ್ನು ಪತ್ತೆ ಮಾಡಲು ಒಂದು ಉಪಾಯ. ಗಾಡಿಯ ಒಂದೊಂದು ಭಾಗದ ಹೆಸರನ್ನೂ ಬರೆದು, ಪಕ್ಕದಲ್ಲಿ ಅದನ್ನು ಎಲ್ಲಿ ನಿಂತು ನೋಡಿದ್ದು ಅಂತ ಬರೆಯಿರಿ. ಏಣಿ: ತೀರ್ಥಹಳ್ಳಿ ಬಸ್ ಸ್ಟ್ಯಾಂಡು, ಅಡಿಕೆ ಮೂಟೆ ಏರಿಸುವಾಗ. ಬಾಗಿಲು: ನಮ್ಮ ದಣಪೆ. ಮುಂದಿನ ಗಾಜು: ಘಾಟಿ. ಜಾಗ ಹೊಂದದ ಸಾಲಿಗೆ ಗುರುತು ಹಾಕಿ. ಅಲ್ಲಿ ಬೇರೆ ಗಾಡಿ ನುಗ್ಗಿರುತ್ತದೆ. ಜೀಪು ಕಟ್ಟುವವರಿಗೆ ಇದು ಇನ್ನೂ ಜಾಸ್ತಿ ಆಗುತ್ತದೆ. ಮಿಲಿಟರಿಯ ಹಳೇ ವಿಲ್ಲೀಸ್ ಜೀಪಿನ ಮುಂದಿನ ಜಾಲರಿಗೆ ಒಂಬತ್ತು ಸೀಳು, ಆಮೇಲೆ ಬಂದ ಸಿಜೆ ಜೀಪುಗಳಿಗೆ ಏಳು. ನಮ್ಮ ತೋಟಗಳಲ್ಲಿ ಓಡಾಡಿದ ಮಹೀಂದ್ರಾ ಸಿಜೆ-3ಬಿ ಏಳು ಸೀಳಿನದು, ಬಾನೆಟ್ಟು ಎತ್ತರದ್ದು. ಸಿನಿಮಾದಲ್ಲಿ ನೋಡಿದ ಜೀಪಿನ ಮೂತಿ ಅಜ್ಜನ ಜೀಪಿಗೆ ಬಂದು ಕೂರುವುದು ಎಲ್ಲರಿಗೂ ಆಗುತ್ತದೆ.

ದೂರು: ಬಣ್ಣ ಅದಲ್ಲ

ನಾನು ಫೋಟೊ ನೋಡಿ ಕಿಟಕಿಯ ಕೆಳಗಿನ ಪಟ್ಟಿಗೆ ಕಂದು ಬಣ್ಣ ಹಾಕಿದ್ದೆ. ಭಾವ ನೋಡಿ, "ಎಂತದು ಇದು, ಹಸಿರು ಕಣೋ ಅದು" ಅಂದರು. ಫೋಟೊದಲ್ಲಿ ಕಂದು ಇದೆಯಲ್ಲ ಅಂದೆ. "ಹಾಗಾದರೆ ಹಿಂದಿನ ಅಡಿಕೆ ಮರ ನೋಡು" ಅಂದರು. ಅಡಿಕೆ ಗರಿಯೂ ಕಂದು!

ಹಳೇ ಕಲರ್ ಫೋಟೊಗಳಲ್ಲಿ ನೀಲಿ ಹಸಿರಿನ ಕಡೆಯ ಬಣ್ಣ ಮೊದಲು ಮಾಸುತ್ತದೆ, ಚಿತ್ರ ಕೆಂಪಗೆ ತಿರುಗುತ್ತದೆ. ಆದ್ದರಿಂದ ಫೋಟೊದಲ್ಲಿ ಬಣ್ಣ ಖಂಡಿತ ಗೊತ್ತಿರುವ ಒಂದು ವಸ್ತು ಹುಡುಕಿ. ಬಾಳೆ ಎಲೆ, ಬಿಳಿ ಪಂಚೆ, ಮಂಗಳೂರು ಹೆಂಚು, ಯಾವುದಾದರೂ ಸರಿ. ಅದು ಎಷ್ಟು ಕೆಟ್ಟಿದೆಯೋ ಬಸ್ಸಿನ ಬಣ್ಣವೂ ಅಷ್ಟೇ ಕೆಟ್ಟಿರುತ್ತದೆ.

ಬಣ್ಣ ಸರಿಯೇ, ಆದರೂ ಕಣ್ಣಿಗೆ ಹೊಡೆಯುತ್ತದೆ ಅನ್ನಿಸಿದರೆ ಅದಕ್ಕೆ ಸ್ವಲ್ಪ ಬಿಳಿ ಬೆರೆಸಿ ತಿಳಿ ಮಾಡಿ. ದೂರದಿಂದ ನೋಡಿದ ಗಾಡಿಗೆ ನಡುವಿನ ಗಾಳಿ ಒಂದು ತೆಳು ಪರದೆ ಎಳೆದಿರುತ್ತದೆ. ಮಾಡೆಲ್‌ಗೆ ಆ ಪರದೆ ನಾವೇ ಕೊಡಬೇಕು. ಫಳಫಳ ಹೊಳಪೂ ಬೇಡ.

ದೂರು: ಒಂದು ಚಕ್ರ ನೆಲ ಮುಟ್ಟುವುದಿಲ್ಲ

ಮೇಜನ್ನು ನಂಬಬೇಡಿ. ನಮ್ಮ ಮನೆಯ ಮೇಜೇ ಸೊಟ್ಟ ಇತ್ತು. ದಪ್ಪ ಗಾಜು ಅಥವಾ ಕನ್ನಡಿಯ ಮೇಲೆ ಇಟ್ಟು ನೋಡಿ. ಒಂದೊಂದೇ ಟೈರಿನ ಕೆಳಗೆ ಕಾಗದದ ಚೂರು ತೂರಿಸಿ. ಕಾಗದ ಸಲೀಸಾಗಿ ಹೋದ ಚಕ್ರ ಎದ್ದಿದೆ.

ಆದರೆ ಎದ್ದ ಮೂಲೆಯೇ ತಪ್ಪಿನ ಮೂಲೆ ಅಂದುಕೊಳ್ಳಬೇಡಿ. ನಾಲ್ಕು ಕಾಲಿನ ಮಣೆ ಅಲುಗಾಡುವಾಗ ಕರ್ಣದ ಎರಡು ತುದಿಯ ಮೂಲೆಗಳೂ ಒಂದಾದ ಮೇಲೊಂದು ಏಳುತ್ತವೆ. ಯಾವ ಕಾಲು ಗಿಡ್ಡ, ಯಾವುದು ಉದ್ದ ಅಂತ ಅಲುಗಾಟ ಹೇಳುವುದಿಲ್ಲ. ಸುಮ್ನೆ ಒಂದು ಕಾಲು ತರಿಯುತ್ತಾ ಹೋದರೆ ಮಣೆ ಗಿಡ್ಡವಾಗುತ್ತದೆ, ಅಷ್ಟೇ.

ಹೀಗೆ ಮಾಡಿ. ಮುಂದಿನ ಆಕ್ಸಲನ್ನು ಚಕ್ರದ ಸಮೇತ ಬಿಚ್ಚಿ, ಎಡ ಬಲ ತಿರುಗಿಸಿ ಹಾಕಿ. ಅಲುಗಾಟ ಇನ್ನೊಂದು ಕರ್ಣಕ್ಕೆ ಹೋಯಿತು ಅಂದರೆ ತಪ್ಪು ಆ ಆಕ್ಸಲ್‌ನಲ್ಲಿ ಅಥವಾ ಅದರ ಚಕ್ರದಲ್ಲಿದೆ. ಒಂದು ಚಕ್ರ ದಪ್ಪ ಇರಬಹುದು, ತೂತು ನಡುವಿನಿಂದ ಸರಿದಿರಬಹುದು. ಅಲುಗಾಟ ಅಲ್ಲೇ ಉಳಿದರೆ ಹಿಂದಿನ ಆಕ್ಸಲ್‌ಗೂ ಹಾಗೇ ಮಾಡಿ. ಎರಡಕ್ಕೂ ಜಗ್ಗದೆ ಅದೇ ಕರ್ಣ ಅಲುಗಾಡಿದರೆ ಚಾಸಿ ತಿರುಚಿದೆ. ಚಕ್ರ ತಿರುಗಿಸಿದಾಗ ಒಮ್ಮೆ ಮುಟ್ಟಿ ಒಮ್ಮೆ ಬಿಟ್ಟರೆ ಚಕ್ರ ಗುಂಡಗಿಲ್ಲ ಅಥವಾ ತೂತು ನಡುವಿನಲ್ಲಿಲ್ಲ, ಮುಂದಿನ ಪರೀಕ್ಷೆಯೇ ಬೇಡ.

ಚಾಸಿ ತಿರುಚಿದ್ದರೆ ಅದನ್ನು ಗಾಜಿನ ಮೇಲೆ ಮಲಗಿಸಿ ಭಾರ ಹೇರಿ ಇಟ್ಟರೆ ಸಾಲದು, ಭಾರ ತೆಗೆದಾಗ ಮತ್ತೆ ತಿರುಚುತ್ತದೆ. ಅಡ್ಡಪಟ್ಟಿಗಳ ಅಂಟು ಬಿಡಿಸಿ, ಸಪಾಟಾಗಿ ಒತ್ತಿಟ್ಟು, ಆ ಸ್ಥಿತಿಯಲ್ಲೇ ಮತ್ತೆ ಅಂಟಿಸಬೇಕು. ನನ್ನ ಚಾಸಿಯ ವೀಲ್‌ಬೇಸು, ಅಂದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ, 217 ಮಿಲಿಮೀಟರು, ನಿಜದಲ್ಲಿ ಸುಮಾರು 5.2 ಮೀಟರು. ಅಷ್ಟು ಉದ್ದಕ್ಕೆ ನಾನು ಮೂರೇ ಅಡ್ಡಪಟ್ಟಿ ಕೊಟ್ಟಿದ್ದೆ. ಐದು ಕೊಟ್ಟ ಮೇಲೆ ನಿಂತಿತು.

ಎಲ್ಲಾ ಚಕ್ರ ನೆಲ ಮುಟ್ಟಿದ ಮೇಲೆ ಬಸ್ಸು ತೀರಾ ನೆಟ್ಟಗೆ ನಿಂತಿತು ಅಂದರೆ ಅದೂ ಒಂದು ದೋಷವೇ. ಮೂಟೆ ಹೇರಿದ ಬಸ್ಸು ಹಿಂದೆ ಕುಸಿದಿರುತ್ತದೆ. ಹಿಂದಿನ ಸ್ಪ್ರಿಂಗ್ ಪಟ್ಟಿಯನ್ನು ಒಂದು ಒಂದೂವರೆ ಮಿಲಿಮೀಟರು ತಗ್ಗಿಸಿ. ಇದನ್ನು ಭಾವ ಹೇಳಿಕೊಡಬೇಕಾಯಿತು.

ದೂರು: ಮಳೆಗಾಲ ಬಂದಾಗ ಬಾಡಿ ಸೊಟ್ಟಗಾಯಿತು

ಇದು ನಮ್ಮ ಸೀಮೆಯ ಖಾಸಾ ದೋಷ. ಶಿವಮೊಗ್ಗ ಪೇಟೆಯಲ್ಲಿ ನೆಟ್ಟಗಿದ್ದ ಬಸ್ಸನ್ನು ಜುಲೈ ತಿಂಗಳಲ್ಲಿ ಆಗುಂಬೆ ಕಡೆಯ ನಮ್ಮ ಹಳೇ ಮನೆಗೆ ತೆಗೆದುಕೊಂಡು ಹೋದೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರು ಮೀರಿದ ಮಳೆ, ಶಿವಮೊಗ್ಗದಲ್ಲಿ ಅದರ ಕಾಲು ಭಾಗವೂ ಇಲ್ಲ. ಹತ್ತು ದಿನದಲ್ಲಿ ಬಸ್ಸಿನ ಎರಡೂ ಪಕ್ಕೆ ಒಳಕ್ಕೆ ಉಬ್ಬಿದವು.

ಉಬ್ಬಿದ ಕಡೆ ನೋಡಿ. ಹಲಗೆ ಯಾವ ಕಡೆಗೆ ಉಬ್ಬಿದೆಯೋ ಆ ಕಡೆ ನೀರು ಕುಡಿದಿದೆ. ನಾನು ಹೊರಗೆ ಮಾತ್ರ ಬಣ್ಣ ಹೊಡೆದು ಒಳಗೆ ಹಾಗೇ ಬಿಟ್ಟಿದ್ದೆ. ಯಾರು ನೋಡುತ್ತಾರೆ ಒಳಗೆ ಅಂತ. ಹೊರಗೆ ಬಣ್ಣದ ಕವಚ, ಒಳಗಿನ ಬರಿ ಮರ ತೇವ ಹೀರಿ ಹಿಗ್ಗಿತು, ಪಕ್ಕೆ ಒಳಕ್ಕೆ ಬಾಗಿತು.

ತೇವದ ದೋಷವೋ ಅಂಟಿನ ದೋಷವೋ ಅಂತ ಬೇರೆ ಮಾಡಲು ಮಾಡೆಲನ್ನು ಒಂದು ವಾರ ಒಣ ಪೆಟ್ಟಿಗೆಯಲ್ಲಿ ಇಡಿ. ನಾನು ಹಳೇ ಟ್ರಂಕಿನೊಳಗೆ 15 ವಾಟಿನ ಹಳೇ ಥರದ ಬಲ್ಬು ಹಾಕಿ, ಮಾಡೆಲನ್ನು ಒಂದು ಗೇಣು ದೂರ ಇಟ್ಟು, ಮುಚ್ಚಳವನ್ನು ಬೆರಳಷ್ಟು ತೆರೆದು ಬಿಟ್ಟೆ. ಮನೆಯಲ್ಲಿ ಜನ ಇದ್ದಾಗ ಮಾತ್ರ ಬಲ್ಬು ಉರಿಸಿ. ವಾರದಲ್ಲಿ ನೆಟ್ಟಗಾದರೆ ಅದು ತೇವ. ಒಳಗೂ ಎರಡು ಕೋಟು ಬಣ್ಣ ಹೊಡೆಯಿರಿ, ಕತ್ತರಿಸಿದ ಅಂಚುಗಳಿಗೆ ಮೂರು. ನೆಟ್ಟಗಾಗದಿದ್ದರೆ ಅಂಟು ಒಣಗುವಾಗ ಎಳೆದಿದೆ. ಅದಕ್ಕೆ ಒಳಗಡೆ ಅಡ್ಡಗೋಡೆ ಕೊಡುವುದೇ ಮದ್ದು.

ಅಡಿಕೆ ಅಟ್ಟದ ಮೇಲೆ, ಬಚ್ಚಲ ಒಲೆಯ ಹತ್ತಿರ ಇಟ್ಟು ಒಣಗಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾನೂ ಇಟ್ಟೆ. ಬಸ್ಸು ಒಣಗಿತು, ಟಾಪಿಗೆ ಎಣ್ಣೆ ಮಸಿಯ ಕೋಟು ಉಚಿತವಾಗಿ ಬಂತು.

ಸಾಮಾನಿನ ಆಯ್ಕೆಯೂ ಇದರಲ್ಲಿ ಸೇರಿದೆ. ಮರ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಆದ್ದರಿಂದ ಕಿಟಕಿ ಕಂಬಗಳನ್ನು ಒಂದೇ ಹಲಗೆಯಲ್ಲಿ ಕೊರೆಯಬೇಡಿ, ಕಂಬದ ಉದ್ದಕ್ಕೆ ಎಳೆ ಬರುವ ಹಾಗೆ ಬೇರೆ ಬೇರೆ ಮಾಡಿ ಕೂರಿಸಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಕಡೆಗೆ ಬೇಡವೇ ಬೇಡ, ಅಂಚಿನಲ್ಲಿ ರೊಟ್ಟಿಯ ಹಾಗೆ ಉಬ್ಬುತ್ತದೆ. ಸಾಗರ, ಸೊರಬದ ಮರ ಕೆತ್ತುವ ಗುಡಿಗಾರರು ಗಂಧ ಬಿಟ್ಟರೆ ಶಿವನಿ ಮರ ಹಿಡಿಯುವುದು ಸುಮ್ನೆ ಅಲ್ಲ. ಚೆನ್ನಾಗಿ ಒಣಗಿದ ಶಿವನಿ ಅಷ್ಟು ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಉಳಿಗೂ ಮೆತ್ತಗೆ ಬರುತ್ತದೆ. ಪ್ಲಾಸ್ಟಿಕ್ ಫೋಮ್ ಶೀಟಿಗೆ ತೇವದ ಭಯ ಇಲ್ಲ, ಆದರೆ ಬಿಸಿಲಿಗೆ ಬಿಟ್ಟ ಕಾರಿನೊಳಗೆ ಅದನ್ನು ಮರೆಯಬೇಡಿ.

ದೂರು: ಬಿಳಿ ಮಂಜು ಹಿಡಿದಿದೆ

ಮೂರು ಥರದ ಬಿಳಿ ಇದೆ, ಮದ್ದು ಬೇರೆ ಬೇರೆ. ಎಲ್ಲಿ ಬಂತು, ಯಾವಾಗ ಬಂತು ಅಂತ ನೋಡಿದರೆ ಗೊತ್ತಾಗುತ್ತದೆ.

ಬಣ್ಣ ಸ್ಪ್ರೇ ಮಾಡಿದ ಕೆಲವೇ ನಿಮಿಷಕ್ಕೆ, ಬಣ್ಣದ ಮೇಲೆಲ್ಲಾ ಬೆಳಗಿನ ಇಬ್ಬನಿಯ ಹಾಗೆ ಬಂದರೆ ಅದು ಗಾಳಿಯ ತೇವ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಇಳಿದು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಕೆರೆಯಬೇಡಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಅದರ ಮೇಲೆ ನಿಧಾನವಾಗಿ ಆರುವ ಥಿನ್ನರನ್ನು ತೆಳ್ಳಗೆ ಸ್ಪ್ರೇ ಮಾಡಿ. ಬಣ್ಣ ಸ್ವಲ್ಪ ಕರಗಿ ನೀರು ಹೊರಟುಹೋಗುತ್ತದೆ, ಬಿಳಿ ಮಾಯವಾಗುತ್ತದೆ. ಮೊದಲೇ ಎಚ್ಚರ ಇದ್ದರೆ ಮಧ್ಯಾಹ್ನ ಹನ್ನೊಂದರಿಂದ ಮೂರರೊಳಗೆ ಸ್ಪ್ರೇ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್ಷು ಹಿಡಿಯುವುದು ಇನ್ನೂ ಒಳ್ಳೆಯದು.

ಮುಂದಿನ ಗಾಜಿನ ಅಂಚಿನಲ್ಲಿ, ಜೋಡಣೆಯ ಸುತ್ತಮುತ್ತ ಮಾತ್ರ ಬಿಳಿ ಬಂದರೆ ಅದು ಕ್ಷಣದಲ್ಲಿ ಹಿಡಿಯುವ ಅಂಟಿನ ಹೊಗೆ. ಮುಚ್ಚಿದ ಬಾಡಿಯೊಳಗೆ ಆ ಹೊಗೆ ತಿರುಗಿ ಗಾಜಿನ ಮೇಲೆ ಕೂರುತ್ತದೆ. ಬೆರಳಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ನೋಡಿ, ಹೊಸದಾಗಿದ್ದರೆ ಎಷ್ಟೋ ಹೋಗುತ್ತದೆ. ಹೋಗದಿದ್ದರೆ ಗಾಜು ಬದಲಿಸಬೇಕು. ಗಾಜಿಗೆ ಯಾವತ್ತೂ ಬಿಳಿ ಗೋಂದೇ ಸರಿ. ನಿಧಾನ, ಆದರೆ ಒಣಗಿದ ಮೇಲೆ ಕಾಣುವುದಿಲ್ಲ.

ವಾರಗಳ ನಂತರ, ಚುಕ್ಕೆ ಚುಕ್ಕೆಯಾಗಿ, ಹತ್ತಿಯ ಹಾಗೆ, ಟಾರ್ಪಾಲಿನ್ ಪರದೆಯ ಮಡಿಕೆಯಲ್ಲಿ ಶುರುವಾದರೆ ಅದು ಬೂಷ್ಟು. ಮೂಗಿಗೇ ಗೊತ್ತಾಗುತ್ತದೆ. ನಾನು ಪರದೆಗೆ ಹಳೇ ಪಂಚೆಯ ಬಟ್ಟೆಯನ್ನು ಗಂಜಿ ಹಾಕಿ ಗಟ್ಟಿ ಮಾಡಿದ್ದೆ. ಬೂಷ್ಟಿಗೆ ಗಂಜಿ ಅಂದರೆ ಹಬ್ಬದ ಊಟ! ಗಂಜಿಯ ಬದಲು ತೆಳು ಮಾಡಿದ ಬಿಳಿ ಗೋಂದು ಹಾಕಿದೆ, ಮತ್ತೆ ಬರಲಿಲ್ಲ.

ದೂರು: ಬಣ್ಣ ಹಪ್ಪಳದ ಹಾಗೆ ಸುಕ್ಕಾಯಿತು

ಕೆಳಗೆ ಎನಾಮಲ್ ಅನ್ನುವ ಎಣ್ಣೆ ಬಣ್ಣ, ಮೇಲೆ ಥಿನ್ನರಿನ ಸ್ಪ್ರೇ ಬಣ್ಣ ಹಾಕಿದಿರಾ? ಅದೇ ಕಾರಣ. ಮೇಲಿನದ್ದರ ಥಿನ್ನರ್ ಕೆಳಗಿನ ಎನಾಮಲ್ಲನ್ನು ಎಬ್ಬಿಸುತ್ತದೆ. ಕ್ರಮ ಉಲ್ಟಾ ಮಾಡಿ, ಕೆಳಗೆ ಸ್ಪ್ರೇ, ಮೇಲೆ ಎನಾಮಲ್. ಸುಕ್ಕಾದದ್ದನ್ನು ಪೂರ್ತಿ ತೆಗೆದು ಮತ್ತೆ ಶುರು ಮಾಡಬೇಕು, ಅಡ್ಡದಾರಿ ಇಲ್ಲ. ಎನಾಮಲ್ ನಾಲ್ಕು ದಿನವಾದರೂ ಅಂಟಂಟು ಇದ್ದರೆ ಕೋಟು ದಪ್ಪವಾಗಿದೆ. ಮೇಲೆ ಕೆನೆ ಕಟ್ಟಿದೆ, ಒಳಗೆ ಹಸಿಯಿದೆ. ಉಗುರು ಒತ್ತಿ ಗುರುತು ಬಿದ್ದರೆ ಇನ್ನೂ ಕಾಯಿರಿ.

ದೂರು: ಬೋರ್ಡು ಸುಳ್ಳು ಹೇಳುತ್ತದೆ

ಕಂಪ್ಯೂಟರಿನಲ್ಲಿ "ಶಿವಮೊಗ್ಗ – ತೀರ್ಥಹಳ್ಳಿ – ಆಗುಂಬೆ" ಅಂತ ಮುದ್ರಿಸಿ ಅಂಟಿಸಿದ್ದೆ. ಅಷ್ಟು ಚೆಂದದ ಕೆಲಸದ ಮೇಲೆ ಅದೊಂದು ಹಲ್ಲಿಗೆ ಸಿಕ್ಕ ಕಲ್ಲು. ಆ ಕಾಲದ ಬೋರ್ಡು ಪೇಂಟರ್ ಕೈಬರಹ. ಶಿವಮೊಗ್ಗ ದೊಡ್ಡದಾಗಿ ಶುರುವಾಗಿ, ಆಗುಂಬೆಗೆ ಬರುವಷ್ಟರಲ್ಲಿ ಜಾಗ ಸಾಲದೆ ಅಕ್ಷರ ಒತ್ತೊತ್ತಾಗಿರುತ್ತಿತ್ತು. ಕೈಯಲ್ಲೇ ಬರೆಯಿರಿ. ನಾಲ್ಕೈದು ಕಾಗದದ ಮೇಲೆ ಬರೆದು ಚೆನ್ನಾಗಿರುವುದನ್ನು ಅಂಟಿಸಿ.

ನಂಬರ್ ಪ್ಲೇಟು ನೋಡಿ. ಶಿವಮೊಗ್ಗದ ಕೆಎ-14 ಬಂದದ್ದು 1989ರ ಹೊಸ ಮೋಟಾರು ವಾಹನ ನಿಯಮಗಳ ಜೊತೆ. 1982ರ ಬಸ್ಸಿಗೆ ಅದನ್ನು ಬರೆದರೆ ಸುಳ್ಳು. ಇಂಗ್ಲಿಷ್ ಬೋರ್ಡಿನಲ್ಲಿ ಊರಿನ ಹೆಸರು ಈಗಿನ ಹಾಗೆ ಇದ್ದರೂ ಸುಳ್ಳು. ಇಂಗ್ಲಿಷಿನಲ್ಲಿ ಅದು "ಶಿಮೊಗ" ಆಗಿದ್ದು, 2014ರ ನವೆಂಬರ್ 1ರಿಂದ "ಶಿವಮೊಗ್ಗ" ಆಯಿತು. ಹೆಡ್‌ಲೈಟಿನ ಗಾಜಿಗೆ ಒಂದು ಕಪ್ಪು ಬೊಟ್ಟು ಇಡುವುದನ್ನೂ ಮರೆಯಬೇಡಿ, ಆಗ ಎಲ್ಲಾ ಗಾಡಿಗೂ ಅದು ಇರುತ್ತಿತ್ತು.

ದೂರು: ಲೈಟು ಉರಿಯುವುದಿಲ್ಲ, ಅಥವಾ ಒಂದು ಕಣ್ಣು ಮಂಕು

ಎರಡೂ ಉರಿಯದಿದ್ದರೆ ಬ್ಯಾಟರಿ ತಂತಿ ಅದಲು ಬದಲು ಮಾಡಿ ನೋಡಿ. ಎಲ್‌ಇಡಿಯ ಉದ್ದದ ಕಾಲು ಪ್ಲಸ್ಸಿಗೆ. ಒಂದು ಮಂಕು, ಒಂದು ಜೋರು ಅಂದರೆ ಎರಡನ್ನೂ ಪಕ್ಕಪಕ್ಕ ಸೇರಿಸಿ, ಕರೆಂಟು ತಡೆಯುವ ರೆಸಿಸ್ಟರ್ ಒಂದೇ ಕೊಟ್ಟಿದ್ದೀರಿ. ಯಾವುದಕ್ಕೆ ಸುಲಭವೋ ಅದು ಕರೆಂಟನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಎರಡನ್ನೂ ಸರಣಿಯಲ್ಲಿ, ಒಂದರ ಬಾಲಕ್ಕೆ ಇನ್ನೊಂದು, ಸೇರಿಸಿ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟು, ಎರಡಕ್ಕೆ 6. 9 ವೋಲ್ಟಿನ ಬ್ಯಾಟರಿಯಲ್ಲಿ ಉಳಿದ 3 ವೋಲ್ಟಿಗೆ 220 ಓಮ್ಸ್ ರೆಸಿಸ್ಟರ್ ಸಾಕು. ಬಾಡಿ ಕೂರಿಸಿದಾಗ ಮಾತ್ರ ಆರಿಹೋದರೆ ಬೆಸುಗೆ ನೋಡಿ. ಒಳ್ಳೇ ಬೆಸುಗೆ ಹೊಳೆಯುತ್ತದೆ, ಕೆಟ್ಟದ್ದು ಮಂಕಾಗಿ ಗುಂಡಗೆ ಕೂತಿರುತ್ತದೆ. ಹಲ್ಲುಕಡ್ಡಿಯಿಂದ ಒಂದೊಂದನ್ನೇ ಒತ್ತುತ್ತಾ ಹೋದರೆ ಲೈಟು ಮಿಣುಕಿದ ಕಡೆ ತಪ್ಪಿದೆ.

ಬೆಳ್ಳಗಿನ ಎಲ್‌ಇಡಿ ಹಾಕಬೇಡಿ. ಹಳೇ ಬಲ್ಬಿನ ಬೆಳಕು ಹಳದಿ. ಹಳದಿ ಛಾಯೆಯದ್ದು ಸಿಗದಿದ್ದರೆ ಇರುವುದಕ್ಕೇ ಅರಿಸಿನ ಬಣ್ಣದ ತೆಳು ವಾರ್ನಿಷ್ ಹಚ್ಚಿ. ಮಾಡೆಲನ್ನು ಎತ್ತಿಡುವಾಗ ಬ್ಯಾಟರಿ ತೆಗೆದಿಡಿ. ಒಳಗೆ ಸೋರಿದರೆ ತಂತಿಯೆಲ್ಲಾ ಹಸಿರಾಗುತ್ತದೆ.

ದೋಷ ಅಲ್ಲದ ದೋಷ

ಮುಂದಿನ ಬಾಗಿಲು ಕೊನೆಗೂ ನೆಟ್ಟಗೆ ಮುಚ್ಚಲಿಲ್ಲ. ಕೀಲು ಎರಡು ಸಲ ಬದಲಿಸಿದೆ, ಅಂಚು ತೀಡಿದೆ, ಮೇಲುಗಡೆ ಒಂದು ಮಿಲಿಮೀಟರು ಸಂದಿ ಉಳಿದೇ ಉಳಿಯಿತು. ಮೂರನೇ ಸಲ ಕೀಲು ಬಿಚ್ಚುತ್ತಿದ್ದಾಗ ಭಾವ ಬಂದರು. ಬಾಗಿಲನ್ನು ಬೆರಳಲ್ಲಿ ಎರಡು ಸಲ ತಳ್ಳಿ ನೋಡಿದರು.

"ಇದನ್ನು ಯಾಕೆ ಬಿಚ್ಚುತ್ತೀಯ?"

"ಮುಚ್ಚುವುದಿಲ್ಲ ಭಾವ."

"ಅದು ಯಾವತ್ತು ಮುಚ್ಚಿತ್ತು?" ಅಂದರು. "ಮಂಡಗದ್ದೆ ದಾಟಿದ ಮೇಲೆ ನಾನು ಹಗ್ಗ ಕಟ್ಟಿ ಹಿಡಿದುಕೊಳ್ಳುತ್ತಿದ್ದೆ."

ಕೀಲನ್ನು ಮತ್ತೆ ಕೂರಿಸಿದೆ. ಹಗ್ಗಕ್ಕೆ ಗೋಣಿಯ ಎಳೆ ಒಂದನ್ನು ಬಿಡಿಸಿ, ಹೊಸೆದು, ಹಿಡಿಕೆಗೆ ಕಟ್ಟಿದೆ. ಗಂಟು ಎಡಕ್ಕೆ ಬರಬೇಕು ಅಂತ ಅವರು ಬಿಚ್ಚಿ ತಾವೇ ಕಟ್ಟಿದರು.